ಅಮ್ಮನ ಆರೈಕೆ ಮಾಡಿದವರ ನಿದ್ದೆ: ಮನೆ ಶುಶ್ರೂಷಾ ಸೇವೆಯೊಂದರ 14 ತಿಂಗಳು

2023ರ ಜೂನ್ ಕೊನೆಯಿಂದ 2024ರ ಆಗಸ್ಟ್‌ವರೆಗೆ, ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ಅಮ್ಮನನ್ನು ನೋಡಿಕೊಳ್ಳಲು ಖಾಸಗಿ ಸಂಸ್ಥೆಯೊಂದರಿಂದ 24 ಗಂಟೆಯ ಹೋಮ್ ನರ್ಸಿಂಗ್ ಸೇವೆಯನ್ನು ಪಡೆದಿದ್ದೆವು. 81 ವರ್ಷದ ಅಮ್ಮನಿಗೆ ಪಾರ್ಶ್ವವಾಯು ಬಡಿದು ಬಲಭಾಗದ ಸ್ವಾಧೀನ ತಪ್ಪಿತ್ತು. ಅದರ ಬೆನ್ನಿಗೇ ಮರೆವು ಆವರಿಸಿ, ಕೆಲವು ದಿನ ನಾನೇ ಅವರ ಮಗಳೆಂಬುದೂ ನೆನಪಿರುತ್ತಿರಲಿಲ್ಲ. ನಾನು ಕಾಲೇಜಿನಲ್ಲಿ ಪಾಠ ಮಾಡುವವಳು, ತಮ್ಮ ಬೆಂಗಳೂರಿನಲ್ಲಿದ್ದಾನೆ. ಇಂಥದೇ ಸ್ಥಿತಿಯಲ್ಲಿರುವ ಪರಿಚಿತರು ಈಗಲೂ ಫೋನ್ ಮಾಡಿ, ಆ ಸೇವೆ ಹೇಗಿತ್ತು, ನಂಬಬಹುದೇ ಎಂದು ಕೇಳುತ್ತಾರೆ. ಅವರಿಗೆ ಬಾಯಿಮಾತಿನಲ್ಲಿ ಹೇಳುತ್ತ ಬಂದಿದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ನಾನು ಕಂಡುಕೊಂಡ ಮುಖ್ಯ ಸಂಗತಿ ಇದು: ಅಮ್ಮನಿಗೆ ಆ ದಿನ ಎಂಥ ಆರೈಕೆ ಸಿಗುತ್ತದೆ ಎಂಬುದು, ಆರೈಕೆ ಮಾಡುವವರು ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದರು ಎಂಬುದನ್ನೇ ಅವಲಂಬಿಸಿರುತ್ತಿತ್ತು.

ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಮುಂದೆ ಹೇಳಲಿರುವ ಕೊರತೆಗಳು ಅದೊಂದಕ್ಕೇ ಸೇರಿದವೆಂದು ಓದುಗರು ಭಾವಿಸಿ, ಇನ್ನೊಂದನ್ನು ಹಿಡಿದರೆ ಸಾಕೆಂದು ಸಮಾಧಾನಪಟ್ಟುಕೊಳ್ಳಬಾರದೆಂಬುದು ನನ್ನ ಉದ್ದೇಶ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ನಾವು ವಿಚಾರಿಸಿದ್ದ ಇನ್ನೂ ಮೂರು ಸಂಸ್ಥೆಗಳ ಷರತ್ತುಗಳು ಹೆಚ್ಚುಕಡಿಮೆ ಇವೇ ಆಗಿದ್ದವು.

ಒಳ್ಳೆಯದನ್ನು ಮೊದಲು ಹೇಳಬೇಕು. ಕೇಳಿದ ಮರುದಿನವೇ ಆಳನ್ನು ಕಳಿಸಿದರು. ಬಂದವರ ಆಧಾರ್ ಪ್ರತಿ, ಪೊಲೀಸ್ ಪರಿಶೀಲನೆಯ ಪತ್ರ, ಆರೋಗ್ಯ ತಪಾಸಣೆಯ ವರದಿ ಎಲ್ಲವೂ ಕಡತದಲ್ಲಿದ್ದವು. ತಿಂಗಳಿಗೊಮ್ಮೆ ತರಬೇತಿ ಪಡೆದ ಸಿಸ್ಟರ್ ಒಬ್ಬರು ಬಂದು ಅಮ್ಮನ ಬೆನ್ನು, ಹಿಮ್ಮಡಿ, ಮೂತ್ರದ ಕೊಳವೆಗಳನ್ನು ನೋಡಿ ಹೋಗುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, 14 ತಿಂಗಳು ಹಾಸಿಗೆ ಹಿಡಿದಿದ್ದ ಅಮ್ಮನಿಗೆ ಒಂದೇ ಒಂದು ಬೆಡ್ ಸೋರ್ ಆಗಲಿಲ್ಲ. ಇದರ ಬೆಲೆ ಎಷ್ಟೆಂಬುದು ಅಂಥ ಹುಣ್ಣನ್ನು ಒಮ್ಮೆಯಾದರೂ ಕಣ್ಣಾರೆ ಕಂಡವರಿಗೆ ಗೊತ್ತಿರುತ್ತದೆ. ನೋಂದಣಿಗೆ 5,000 ರೂಪಾಯಿ, ತಿಂಗಳಿಗೆ 27,000 ರೂಪಾಯಿ ಕೊಡುತ್ತಿದ್ದೆವು. ಬಿಲ್ಲು ಒಂದು ದಿನವೂ ತಡವಾಗಿ ಬಂದದ್ದಿಲ್ಲ.

ಮೊದಲು ಬಂದವರು ಹುಣಸೂರು ಕಡೆಯವರು, ವಯಸ್ಸು 45ರ ಆಸುಪಾಸು. ಅಮ್ಮನನ್ನು ‘ಅಜ್ಜಿ’ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಐದೂವರೆಗೆ ಡಯಾಪರ್ ಬದಲಿಸಿ, ಬಿಸಿನೀರಿನಲ್ಲಿ ಮೈ ಒರೆಸಿ, ಬೆನ್ನಿಗೆ ಪೌಡರ್ ಹಾಕಿ, ಮಲಗಿದವರನ್ನು ಮಲಗಿದಂತೆಯೇ ಹೊರಳಿಸಿ ಹಾಸಿಗೆಯ ಬಟ್ಟೆ ಬದಲಿಸುವಲ್ಲಿಂದ ಅವರ ದಿನ ಮೊದಲಾಗುತ್ತಿತ್ತು. ರಾಗಿ ಗಂಜಿ ಕುಡಿಸುವುದಕ್ಕೇ ಮುಕ್ಕಾಲು ಗಂಟೆ ಬೇಕು. ನುಂಗುವ ಶಕ್ತಿ ಕುಂದಿದವರಿಗೆ ಅವಸರದಿಂದ ಉಣಿಸಿದರೆ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿರುತ್ತದೆ. ಆಮೇಲೆ ಮಾತ್ರೆ, ಕೈಕಾಲಿಗೆ ವ್ಯಾಯಾಮ, ಗಾಲಿಕುರ್ಚಿಗೆ ಎತ್ತಿ ಕೂರಿಸುವುದು, ಮತ್ತೆ ಎತ್ತಿ ಮಲಗಿಸುವುದು. ಇವುಗಳ ನಡುವೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಈ ಲೆಕ್ಕಕ್ಕೆ ಹಗಲು ರಾತ್ರಿಯ ಭೇದವಿಲ್ಲ.

ಅಮ್ಮನ ತೂಕ 61 ಕಿಲೋ ಇತ್ತು. ರೋಗಿಯನ್ನು ಬರಿಗೈಯಲ್ಲಿ ಎತ್ತುವಾಗ ಒಬ್ಬರ ಮೇಲೆ ಬೀಳುವ ಭಾರ, ಅನುಕೂಲಕರ ಸ್ಥಿತಿಯಲ್ಲಿಯೂ ಸುಮಾರು 16 ಕಿಲೋ ಮೀರಬಾರದೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯ ಪರಿಣತರೊಬ್ಬರು 2007ರಲ್ಲೇ ಸೂಚಿಸಿದ್ದಾರೆ. ನಮ್ಮ ಮನೆಯಲ್ಲಿ ಅದರ ಸುಮಾರು ನಾಲ್ಕು ಪಟ್ಟು ತೂಕವನ್ನು ಒಬ್ಬ ಹೆಂಗಸು, ತೋಳಿನ ಕೆಳಗೆ ಕೈ ಕೊಟ್ಟು, ದಿನಕ್ಕೆ ನಾಲ್ಕು ಬಾರಿಯಾದರೂ ಎತ್ತುತ್ತಿದ್ದರು. ಸೊಂಟಕ್ಕೆ ಹಿಡಿಕೆಯಿರುವ ಪಟ್ಟಿ ಕಟ್ಟಿ ಎಬ್ಬಿಸುವುದು, ಜಾರುವ ಬಟ್ಟೆಯ ಮೇಲೆ ಸರಿಸುವುದು ಎಂಬ ಸರಳ ಉಪಾಯಗಳಿವೆಯೆಂದು ನನಗೆ ತಿಳಿದದ್ದು ಐದನೆಯ ತಿಂಗಳಲ್ಲಿ, ಫಿಸಿಯೋಥೆರಪಿಸ್ಟ್ ಒಬ್ಬರು ಹೇಳಿದಾಗ. ಅಷ್ಟರಲ್ಲಿ ಆ ಅಕ್ಕನಿಗೆ ಬೆನ್ನುನೋವು ನೆಲೆನಿಂತಿತ್ತು. ಇಂಥ ಸಾಧನಗಳನ್ನು ಆಳಿನೊಂದಿಗೇ ಕಳಿಸುವುದು ಸಂಸ್ಥೆಗೆ ದೊಡ್ಡ ಖರ್ಚಿನ ಮಾತಲ್ಲ. ಕೇಳಿದಾಗ, ಅದು ‘ಗ್ರಾಹಕರ ಜವಾಬ್ದಾರಿ’ ಎಂಬ ಉತ್ತರ ಬಂತು.

ಮೈಯ ದಣಿವಿಗಿಂತ ಹೆಚ್ಚು ಸವೆಸುವಂಥದು ಬೇರೊಂದಿತ್ತು. ಮರೆವಿನ ರೋಗವಿರುವ ಅನೇಕರಿಗೆ ಸಂಜೆಯಾಗುತ್ತಿದ್ದಂತೆ ಕಳವಳ ಹೆಚ್ಚುತ್ತದೆ. ಅಮ್ಮನಿಗೂ ಹಾಗೇ ಆಗುತ್ತಿತ್ತು. ಐದು ಗಂಟೆಗೆ ‘ನಮ್ಮನೆಗೆ ಕಳಿಸು’ ಎಂದು ಶುರುವಾದದ್ದು ಏಳರ ಹೊತ್ತಿಗೆ ‘ನನ್ನ ಬಳೆ ಕದ್ದಿದ್ದೀಯ, ಕೊಡು’ ಎನ್ನುವಲ್ಲಿಗೆ ಮುಟ್ಟುತ್ತಿತ್ತು. ಎಡಗೈಯಲ್ಲಿ ಹೊಡೆಯುತ್ತಿದ್ದರು, ಉಗಿಯುತ್ತಿದ್ದರು. ಇದು ರೋಗದ ಲಕ್ಷಣವೆಂದು ಆ ಅಕ್ಕನಿಗೆ ಗೊತ್ತಿತ್ತು. ಆದರೂ ಕೂಲಿಗೆಂದು ಇನ್ನೊಬ್ಬರ ಮನೆಯಲ್ಲಿ ಇರುವವರಿಗೆ ಕಳ್ಳಿ ಎಂಬ ಮಾತು ನಾಟುವ ಬಗೆಯೇ ಬೇರೆ. ಒಂದು ಸಂಜೆ ಅಮ್ಮ ಹೀಗೆ ಕೂಗಾಡುತ್ತಿದ್ದಾಗ ಮನೆಗೆ ಬಂದಿದ್ದ ನಮ್ಮ ಬಂಧುವೊಬ್ಬರು, ನಾನು ಅಡುಗೆಮನೆಯಿಂದ ಹೊರಬರುವಷ್ಟರಲ್ಲಿ, ಆ ಅಕ್ಕನ ಬಟ್ಟೆಯ ಚೀಲವನ್ನು ಬಿಚ್ಚಿ ನೋಡಿಬಿಟ್ಟಿದ್ದರು. ಬಳೆಗಳು ಎರಡು ವರ್ಷಗಳಿಂದ ಬ್ಯಾಂಕ್ ಲಾಕರಿನಲ್ಲಿವೆ. ಕ್ಷಮೆ ಕೇಳಿದೆ. ಅವರು ‘ಬಿಡಿ ಮೇಡಂ, ಅಭ್ಯಾಸ ಆಗಿದೆ’ ಎಂದರು. ಆ ರಾತ್ರಿ ಅವರು ಊಟ ಮಾಡಲಿಲ್ಲ.

ಇಂಥ ಸಂದರ್ಭದಲ್ಲಿ ಅವರು ಯಾರಿಗೆ ಫೋನ್ ಮಾಡಬೇಕು ಎಂಬುದಕ್ಕೆ ಸಂಸ್ಥೆಯ ಬಳಿ ಉತ್ತರವಿರಲಿಲ್ಲ. ಗ್ರಾಹಕರ ದೂರಿಗೆ ಎರಡು ದೂರವಾಣಿ ಸಂಖ್ಯೆಗಳಿದ್ದವು. ಆರೈಕೆ ಮಾಡುವವರ ದೂರಿಗೆ ಒಂದೂ ಇರಲಿಲ್ಲ. ಬೇರೆಯವರ ಮನೆಯಲ್ಲಿ ಒಂಟಿಯಾಗಿ ರಾತ್ರಿ ಕಳೆಯುವ ಹೆಂಗಸರ ವಿಷಯದಲ್ಲಿ ಇದು ಸಣ್ಣ ಲೋಪವಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯು ವಾಸದ ಮನೆಯನ್ನೂ ಕೆಲಸದ ಸ್ಥಳವೆಂದೇ ಗಣಿಸುತ್ತದೆ, ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕೆಂದು ಹೇಳುತ್ತದೆ. ನಮ್ಮ ಮನೆಯಲ್ಲಿ ದುಡಿದ ಇಬ್ಬರಿಗೂ ಅಂಥದೊಂದು ಸಮಿತಿ ಇದೆಯೆಂದು ಯಾರೂ ಹೇಳಿರಲಿಲ್ಲ.

ಅಕ್ಟೋಬರಿನಲ್ಲಿ ಆ ಅಕ್ಕ ಮಗಳ ಬಾಣಂತನಕ್ಕೆಂದು ಊರಿಗೆ ಹೋದರು. ಅವರ ಬದಲಿಗೆ ಬಂದವಳು ಲಿಂಗಸುಗೂರು ಕಡೆಯ 26 ವರ್ಷದ ಹುಡುಗಿ. ಬಂದ ನಾಲ್ಕನೆಯ ರಾತ್ರಿ, ಮೂರು ಗಂಟೆಯ ಸುಮಾರಿಗೆ, ಅಮ್ಮ ಮಂಚದ ಕಾಲಬದಿಯ ಸಂದಿನಿಂದ ಜಾರಿ ನೆಲಕ್ಕೆ ಬಿದ್ದರು. ಸದ್ದಿಗೆ ನಾನು ಓಡಿ ಬಂದಾಗ ಹುಡುಗಿ ಕುರ್ಚಿಯಲ್ಲಿ ಕೂತಂತೆಯೇ ನಿದ್ದೆಯಲ್ಲಿದ್ದಳು. ಭುಜ ಹಿಡಿದು ಅಲುಗಿಸಿದ ಮೇಲೆಯೇ ಎದ್ದದ್ದು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ, ಸೊಂಟದ ಬಳಿ ಅಂಗೈಯಗಲ ಕಪ್ಪುಗಟ್ಟಿತ್ತು. ನಾನು ಸಿಟ್ಟಿನಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಬೆಳಿಗ್ಗೆ ಮೇಲ್ವಿಚಾರಕರಿಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ತೀರ್ಮಾನ ಬಂತು: ಸಂಜೆಯೊಳಗೆ ರಿಪ್ಲೇಸ್‌ಮೆಂಟ್ ಕಳಿಸುತ್ತೇವೆ, ಅವಳ ಒಂದು ವಾರದ ಸಂಬಳ ಕಡಿತ ಮಾಡುತ್ತೇವೆ.

ಆ ತೀರ್ಮಾನದ ವೇಗ ನನ್ನನ್ನು ತಡೆದು ನಿಲ್ಲಿಸಿತು. ಏನಾಯಿತೆಂದು ಅವರು ಕೇಳಿರಲೇ ಇಲ್ಲ. ನಾನೂ ಕೇಳಿರಲಿಲ್ಲ. ಮಧ್ಯಾಹ್ನ ಅಮ್ಮ ಮಲಗಿದ ಮೇಲೆ ಹುಡುಗಿಯನ್ನು ಕೂರಿಸಿಕೊಂಡು ಕೇಳಿದಾಗ ಅವಳು ಹೇಳಿದ್ದಿಷ್ಟು: ‘ಅಕ್ಕಾರ, ಬೆಂಗಳೂರಿನ ಮನ್ಯಾಗ ನಲವತ್ತೊಂದು ದಿನ ಒಂದ ರಜಾ ಇಲ್ದ ಮಾಡೀನ್ರಿ. ಆ ಮುತ್ಯಾ ಮುಂಜಾನೆ ತೀರಿಕೊಂಡ್ರು. ಮಧ್ಯಾಹ್ನ ಫೋನ್ ಬಂತು, ಸಂಜೀಕ ಮೈಸೂರ ರೈಲು ಹತ್ತಿಸಿದ್ರು. ಇಲ್ಲಿ ಬಂದಾಗಿಂದ ಕಣ್ಣಿಗೆ ನಿದ್ದಿ ಹತ್ತಿಲ್ರಿ.’ 41 ದಿನ ತಾನು ಉಣಿಸಿ, ತೊಳೆದು, ಮಲಗಿಸಿದ ಮುದುಕರ ಮುಖವನ್ನು ಬೆಳಿಗ್ಗೆ ಒರೆಸಿ ಮುಚ್ಚಿ, ಅದೇ ರಾತ್ರಿ ಇನ್ನೊಬ್ಬರ ಹಾಸಿಗೆಯ ಪಕ್ಕದಲ್ಲಿ ಕೂತಿದ್ದಳು ಆ ಹುಡುಗಿ.

ರಿಪ್ಲೇಸ್‌ಮೆಂಟ್ ಬೇಡವೆಂದೆ, ಸಂಬಳ ಕಡಿತವನ್ನೂ ಕೈಬಿಡಬೇಕೆಂದು ಬರೆದುಕೊಟ್ಟೆ. ಅವರು ಕೈಬಿಟ್ಟರು ಎಂಬುದನ್ನೂ ಹೇಳಬೇಕು. ಆಮೇಲೆ ಏಳು ರಾತ್ರಿ ಪಕ್ಕದ ಕೋಣೆಯಲ್ಲಿ ಮಲಗಿ, ಅಮ್ಮನ ಕೋಣೆಯ ದೀಪ ಹೊತ್ತಿದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಹತ್ತರಿಂದ ಆರರೊಳಗೆ ಅವಳು ಎದ್ದದ್ದು ಕ್ರಮವಾಗಿ 6, 9, 7, 11, 8, 7, 10 ಬಾರಿ. ನಡುವೆ ಸಿಕ್ಕ ಅತಿ ದೀರ್ಘ ನಿದ್ದೆ 1 ಗಂಟೆ 50 ನಿಮಿಷ. ಒಪ್ಪಂದಪತ್ರದಲ್ಲಿ ಇದಕ್ಕೆ ‘ರಾತ್ರಿ ವಿಶ್ರಾಂತಿ, ಅಗತ್ಯವಿದ್ದಾಗ ಸಹಾಯ’ ಎಂದು ಬರೆದಿತ್ತು. ಆ ಸಾಲಿಗೆ ನಾನೇ ಸಹಿ ಹಾಕಿದ್ದೆ.

ಮನೆಗಳಲ್ಲಿ ದುಡಿಯುವವರ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2011ರಲ್ಲಿ ಅಂಗೀಕರಿಸಿದ 189ನೇ ಒಡಂಬಡಿಕೆಯು ಈ ‘ಅಗತ್ಯವಿದ್ದಾಗ’ ಎಂಬುದನ್ನು ಹಗುರವಾಗಿ ಬಿಡುವುದಿಲ್ಲ. ವಾರಕ್ಕೊಮ್ಮೆ ಸತತ 24 ಗಂಟೆಯಾದರೂ ಬಿಡುವು ಕೊಡಬೇಕು. ಕರೆದರೆ ಏಳಬೇಕಾದ ಸ್ಥಿತಿಯಲ್ಲಿ ಕಾದಿರುವ ಹೊತ್ತನ್ನೂ, ದೇಶದ ಕಾನೂನು ನಿಗದಿಪಡಿಸುವ ಮಟ್ಟಿಗೆ, ದುಡಿಮೆಯ ಹೊತ್ತೆಂದು ಲೆಕ್ಕ ಹಿಡಿಯಬೇಕು ಎನ್ನುತ್ತದೆ. ಭಾರತ ಆ ಒಡಂಬಡಿಕೆಯ ಪರವಾಗಿ ಮತ ಹಾಕಿತು, ಇನ್ನೂ ಸ್ಥಿರೀಕರಿಸಿಲ್ಲ. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಪಡಿಸುವುದರಲ್ಲಿ ಮುಂದಾದ ರಾಜ್ಯಗಳ ಪೈಕಿ ನಮ್ಮದೂ ಒಂದು. ಅದು 2004ರಲ್ಲೇ ಆಯಿತು. ಆದರೆ ಸಂಸ್ಥೆಯ ಮೂಲಕ ಬಂದು ರೋಗಿಯ ಕೋಣೆಯಲ್ಲೇ ಇರುವ ಈ ಹೆಂಗಸರನ್ನು ನಮ್ಮ ಮನೆಯ ಕಾಗದಪತ್ರಗಳಲ್ಲಿ ಮನೆಗೆಲಸದವರೆಂದೂ ಕರೆದಿರಲಿಲ್ಲ, ನರ್ಸ್ ಎಂದೂ ಕರೆದಿರಲಿಲ್ಲ. ‘ಕೇರ್ ಪಾರ್ಟ್‌ನರ್’ ಎಂದಿತ್ತು. ನಾವು ಕೊಡುತ್ತಿದ್ದ 27,000 ರೂಪಾಯಿಯಲ್ಲಿ ಆ ಹುಡುಗಿಯ ಕೈಸೇರುತ್ತಿದ್ದದ್ದು 16,500. ಅದೂ ಮುಂದಿನ ತಿಂಗಳ ಹದಿನೈದರ ಆಚೆಗೆ.

ಬದಲಾವಣೆಗೆ ನಾವೇ ಇಳಿಯಬೇಕಾಯಿತು. ವಾರಕ್ಕೆ ನಾಲ್ಕು ರಾತ್ರಿ, ಎಂಟರಿಂದ ಆರರವರೆಗೆ, ಬೇರೊಬ್ಬರನ್ನು ಇದೇ ಸಂಸ್ಥೆಯಿಂದ ಕರೆಸಿದೆವು. ಉಳಿದ ರಾತ್ರಿಗಳಲ್ಲಿ ಎರಡು ಗಂಟೆಯವರೆಗೆ ನಾನು, ಅಲ್ಲಿಂದ ಮುಂದೆ ಅವಳು. ಭಾನುವಾರ ಅವಳಿಗೆ ಪೂರ್ತಿ ರಜೆ, ಅಂದು ತಮ್ಮನ ಸರದಿ. ತಿಂಗಳ ಖರ್ಚು 27,000ದಿಂದ 41,000ಕ್ಕೆ ಏರಿತು. ತಮ್ಮ ಅರ್ಧ ಹೊತ್ತುಕೊಂಡದ್ದರಿಂದ ಸಾಧ್ಯವಾಯಿತು. ಎಲ್ಲ ಮನೆಗಳಿಂದಲೂ ಇದು ಆಗದೆಂದು ನನಗೆ ಗೊತ್ತಿದೆ. ಒಬ್ಬರ ಸಂಬಳದಲ್ಲಿ ನಡೆಯುವ ಮನೆಗೆ 27,000 ರೂಪಾಯಿಯೇ ಭಾರವಾದದ್ದು. 2011ರ ಜನಗಣತಿಯಲ್ಲೇ ಕರ್ನಾಟಕದ ಜನಸಂಖ್ಯೆಯಲ್ಲಿ ಶೇ 9.5ರಷ್ಟು ಮಂದಿ 60 ದಾಟಿದವರಿದ್ದರು. ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಎಂಬ ಈ ಮರೆವಿನ ರೋಗ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಅಷ್ಟು ಮನೆಗಳ ರಾತ್ರಿಯನ್ನು ಆಯಾ ಮನೆಯ ಉಳಿತಾಯ ಮತ್ತು ಯಾರೋ ಬಡ ಹೆಂಗಸಿನ ನಿದ್ದೆಯ ಮೇಲೆ ಬಿಟ್ಟುಬಿಡುವುದು ನ್ಯಾಯವಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ರಜೆಯ ಬಗ್ಗೆ ಸಂಸ್ಥೆ ಸುಲಭವಾಗಿ ಒಪ್ಪಲಿಲ್ಲ. ರಜೆ ಕೊಟ್ಟರೆ ಹುಡುಗಿಯರು ಬೇರೆ ಸಂಸ್ಥೆಗೆ ಹೋಗಿಬಿಡುತ್ತಾರೆ ಎಂಬುದು ಅವರ ವಾದ. ಮೇಲ್ವಿಚಾರಕಿಯೊಡನೆ ಒಂದು ದಿನ ಬಿಡುವಾಗಿ ಮಾತಾಡಿದಾಗ, ಆಕೆ ಒಬ್ಬರೇ 60ಕ್ಕೂ ಹೆಚ್ಚು ಮನೆಗಳನ್ನು ನೋಡಿಕೊಳ್ಳುತ್ತಿದ್ದಾರೆಂದೂ, ರಾತ್ರಿ ಬರುವ ಫೋನುಗಳಿಂದ ಆಕೆಗೂ ನಿದ್ದೆಯಿಲ್ಲವೆಂದೂ ತಿಳಿಯಿತು. ಆಕೆಯ ಮೇಲಿದ್ದ ನನ್ನ ಅಸಮಾಧಾನ ಅಂದೇ ಇಳಿಯಿತು.

ಕೆಲಸದ ಒತ್ತಡದಿಂದ ಮನಸ್ಸು ಬತ್ತಿಹೋಗುವುದಕ್ಕೆ ಬರ್ನ್‌ಔಟ್ ಎಂಬ ಹೆಸರಿದೆ. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸುಸಾನ್ ಜಾಕ್ಸನ್ ಅದನ್ನು ಅಳೆಯಲು ರೂಪಿಸಿದ ಪ್ರಶ್ನಾವಳಿಯಲ್ಲಿ ಮೂರು ಸಂಗತಿಗಳನ್ನು ಕೇಳಲಾಗುತ್ತದೆ: ಭಾವನೆಗಳು ಬರಿದಾದಂಥ ದಣಿವು, ಎದುರಿನವರನ್ನು ಮನುಷ್ಯರಂತೆ ಕಾಣಲಾಗದ ದೂರ, ತನ್ನ ಕೆಲಸದಿಂದ ಏನೂ ಆಗದೆಂಬ ನಿರಾಶೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ರೋಗವೆಂದು ಕರೆಯದೆ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲವೆಂದು ವಿವರಿಸಿತು. ಆ ಭೇದ ಮುಖ್ಯವಾದದ್ದು, ಏಕೆಂದರೆ ಅದು ದೋಷವನ್ನು ದುಡಿಯುವವರ ಸ್ವಭಾವದಲ್ಲಿ ಹುಡುಕದೆ ದುಡಿಮೆಯ ಏರ್ಪಾಡಿನಲ್ಲಿ ಹುಡುಕುವಂತೆ ಮಾಡುತ್ತದೆ. ಇದನ್ನೆಲ್ಲ ಓದುವ ಮೊದಲೇ ಎರಡನೆಯ ಲಕ್ಷಣವನ್ನು ನಾನು ಮನೆಯಲ್ಲಿ ಕೇಳಿಸಿಕೊಂಡಿದ್ದೆ. ಮೊದಲ ವಾರಗಳಲ್ಲಿ ಹುಡುಗಿ ಅಮ್ಮನ ಬಗ್ಗೆ ಮಾತಾಡುವಾಗ ‘ಪೇಷಂಟ್ ಊಟ ಮಾಡ್ಯಾರ, ಪೇಷಂಟ್ ಮಲಗ್ಯಾರ’ ಎನ್ನುತ್ತಿದ್ದಳು. ಹೊಸ ಏರ್ಪಾಡಿನ ಮೂರನೆಯ ವಾರ, ಒಂದು ಬೆಳಿಗ್ಗೆ, ‘ಅವ್ವಾರು ಇವತ್ತ ನಕ್ಕಾರ್ರಿ ಅಕ್ಕಾರ’ ಎಂದಳು. ಅಂದಿನಿಂದ ಅಮ್ಮ ಅವಳಿಗೆ ಅವ್ವಾರೇ ಆದರು. ಯಾರೂ ಹೇಳದೆಯೇ ಅವರ ತಲೆ ಬಾಚಿ ಜಡೆ ಹೆಣೆದು ಮಲ್ಲಿಗೆ ಮುಡಿಸತೊಡಗಿದಳು. ಸಂಜೆಯ ಕಳವಳ ನಿಲ್ಲಲಿಲ್ಲ, ಆದರೆ ಅವಳು ಪಕ್ಕದಲ್ಲಿ ಕೂತು ಊರಿನ ಹಾಡು ಹೇಳಿದಾಗ ಬೇಗ ಇಳಿಯುತ್ತಿತ್ತು. ಅವೇ ಕೈಗಳು, ಅದೇ ತರಬೇತಿ. ಸೇರಿದ್ದು ದಿನಕ್ಕೆ ಐದಾರು ಗಂಟೆಯ ನಿದ್ದೆ ಮಾತ್ರ.

ಬೆಂಗಳೂರಿನ ಆ ಮುತ್ಯಾನ ಸಾವು ಅವಳನ್ನು ಬಹಳ ದಿನ ಕಾಡಿತು. ರಾತ್ರಿ ಬೆಚ್ಚಿ ಏಳುತ್ತಿದ್ದಳು. ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ನಾನು ಕೊಟ್ಟೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಉಚಿತ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರಸ್ಥಾನ, ಕನ್ನಡದಲ್ಲೇ ಮಾತಾಡಬಹುದು. ಒಂದು ಸಂಜೆ ತಾರಸಿಯ ಮೇಲೆ ಕೂತು ಮುಕ್ಕಾಲು ಗಂಟೆ ಮಾತಾಡಿ ಬಂದಳು. ಏನು ಮಾತಾಡಿದಳೆಂದು ನಾನು ಕೇಳಲಿಲ್ಲ. ಆಳನ್ನು ಕಳಿಸುವ ಪ್ರತಿ ಸಂಸ್ಥೆಯೂ ಈ ಸಂಖ್ಯೆಯನ್ನು ಅವರ ಗುರುತಿನ ಚೀಟಿಯ ಹಿಂದೆ ಮುದ್ರಿಸಬಹುದಲ್ಲವೇ?

ಹೀಗಾಗಿ ಈ ಸೇವೆಗೆ ಒಂದೇ ಅಂಕ ಕೊಡಲು ನನ್ನಿಂದಾಗದು. ರೋಗಿಯ ಆರೈಕೆಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಆರೈಕೆ ಮಾಡುವವರನ್ನು ನಡೆಸಿಕೊಂಡ ರೀತಿಗೆ ಒಂದೂವರೆ. ಮತ್ತೆ ಬೇಕಾದರೆ ಇದೇ ಸಂಸ್ಥೆಗೆ ಹೋಗುತ್ತೇನೆಯೇ ಎಂದರೆ, ಹೋಗುತ್ತೇನೆ. ಆದರೆ ಆಧಾರ್ ಪ್ರತಿ ಕೇಳುವ ಮೊದಲು, ಕಳಿಸುತ್ತಿರುವವರು ಹಿಂದಿನ ಮನೆಯಿಂದ ಬಂದು ಎಷ್ಟು ದಿನವಾಯಿತು, ವಾರದ ರಜೆ ಯಾವಾಗ, ರಾತ್ರಿ ಎಷ್ಟು ಬಾರಿ ಏಳಬೇಕಾದರೆ ಎರಡನೆಯವರನ್ನು ಕೊಡುತ್ತೀರಿ, ಸಂಬಳ ಯಾವ ತಾರೀಖಿಗೆ ಅವರ ಖಾತೆ ಸೇರುತ್ತದೆ ಎಂಬುದನ್ನು ಲಿಖಿತವಾಗಿ ಕೇಳುತ್ತೇನೆ. ಆರೈಕೆಗೆ ಬರುವವರಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಮೂಲೆ, ಚೀಲ ಇಡಲು ಬೀಗವಿರುವ ಕಪಾಟು, ಮನೆಯವರು ಉಣ್ಣುವ ಹೊತ್ತಿಗೇ ಬಿಸಿ ಊಟ — ಇವನ್ನು ನಮ್ಮ ಕಡೆಯಿಂದ ಮೊದಲ ದಿನವೇ ಸಿದ್ಧವಿಡುತ್ತೇನೆ. ಚೀಲ ಬಿಚ್ಚಿ ನೋಡಿದ ಆ ಸಂಜೆಯನ್ನು ಸಂಸ್ಥೆಯ ಲೆಕ್ಕಕ್ಕೆ ಬರೆಯಲಾಗದು.

ಅಮ್ಮ ತೀರಿಕೊಂಡದ್ದು 2024ರ ಆಗಸ್ಟಿನ ಒಂದು ನಸುಕಿನಲ್ಲಿ. ಕೊನೆಯ ನೀರನ್ನು ಬಿಟ್ಟವಳು ಆ ಹುಡುಗಿಯೇ. ನಾನು ಡಾಕ್ಟರಿಗೆ ಫೋನ್ ಮಾಡುತ್ತಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ, ನಾವಿನ್ನೂ ಸ್ಮಶಾನದಿಂದ ಮರಳುವ ಮೊದಲೇ, ಅವಳ ಫೋನಿಗೆ ಸಂದೇಶ ಬಂದಿತ್ತು: ನಾಳೆ ಬೆಳಿಗ್ಗೆ ಎಂಟಕ್ಕೆ ವಿಜಯನಗರದಲ್ಲಿ ಹೊಸ ಡ್ಯೂಟಿ. ನಾವು ಇನ್ನೂ ಐದು ದಿನದ ಶುಲ್ಕ ಕಟ್ಟಿ ಅವಳನ್ನು ಉಳಿಸಿಕೊಂಡೆವು. ಆ ಐದು ದಿನ ಅವಳಿಗೆ ಯಾವ ಕೆಲಸವನ್ನೂ ಹೇಳಲಿಲ್ಲ. ಮೊದಲೆರಡು ದಿನ ಬಹುಪಾಲು ಮಲಗಿಯೇ ಇದ್ದಳು. ಮೂರನೆಯ ದಿನ ಅಮ್ಮನ ಗಾಳಿಹಾಸಿಗೆಯನ್ನು ತಾನಾಗಿಯೇ ತೊಳೆದು ಒಣಗಿಸಿ ಮಡಿಸಿಟ್ಟಳು.

ಸೆಪ್ಟೆಂಬರಿನಲ್ಲಿ ಸಂಸ್ಥೆಗೆ ಎರಡು ಪುಟದ ಪತ್ರ ಬರೆದೆ. ಎತ್ತುವ ಪಟ್ಟಿಯನ್ನು ಈಗ ಪ್ರತಿ ಆಳಿನೊಂದಿಗೆ ಕಳಿಸುತ್ತಿದ್ದೇವೆ ಎಂದು ಉತ್ತರ ಬಂತು, ಮನಸ್ಸಿಗೆ ಸಂತೋಷವಾಯಿತು. ತಿಂಗಳಿಗೆ ಎರಡು ರಜೆ ಕೊಡುವ ಬಗ್ಗೆ ಯೋಚಿಸುತ್ತಿದ್ದೇವೆ ಎಂದೂ ಬರೆದಿದ್ದರು. ನೋಡಿಕೊಳ್ಳುತ್ತಿದ್ದ ರೋಗಿ ತೀರಿಕೊಂಡಾಗ, ಮುಂದಿನ ಮನೆಗೆ ಕಳಿಸುವ ಮುನ್ನ ಸಂಬಳ ಸಹಿತ ಮೂರು ದಿನದ ಬಿಡುವು ಕೊಡಬೇಕೆಂಬ ನನ್ನ ಕೋರಿಕೆಗೆ ಆ ಪತ್ರದಲ್ಲಿ ಉತ್ತರವಿರಲಿಲ್ಲ. ಅದನ್ನೇ ಮತ್ತೊಮ್ಮೆ ಬರೆದು ಕಳಿಸಿದ್ದೇನೆ.